ಮರಳುದಿಬ್ಬದ ‘ಪಕ್ಕದಲ್ಲೇ’ ಮನೆ ಎಂದರೆ ನಂಬಬೇಡಿ

ರಾಜಸ್ಥಾನ ಪ್ರವಾಸಕ್ಕೆಂದು ಹುಬ್ಬಳ್ಳಿ-ಧಾರವಾಡದ ಯಾರಾದರೂ ಏಜೆಂಟರಿಗೆ ಹಣ ಕಟ್ಟಲು ಹೊರಟಿದ್ದರೆ ದಯವಿಟ್ಟು ಮೊದಲು ಇದನ್ನು ಓದಿ. ದಸರಾ ರಜೆಯಲ್ಲಿ ನಾವು 15,400 ರೂಪಾಯಿ ಕಳೆದುಕೊಂಡೆವು. ಹಣಕ್ಕಿಂತ ಹೆಚ್ಚು ಸುಡುತ್ತಿರುವುದು ಅವಮಾನ. ಎಪ್ಪತ್ತು ದಾಟಿದ ಅವ್ವನನ್ನೂ ಅಕ್ಕನ ಮನೆಯವರನ್ನೂ ‘ನಾನು ಎಲ್ಲ ವಿಚಾರಿಸಿದ್ದೇನೆ, ನಡೆಯಿರಿ’ ಎಂದು ಹೊರಡಿಸಿದವಳು ನಾನೇ.

ನಮ್ಮ ಆಸೆ ದೊಡ್ಡದಾಗಿರಲಿಲ್ಲ. ಜೈಸಲ್ಮೇರಿನಿಂದ ನೈರುತ್ಯಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ ಖುರಿ ಎಂಬ ಹಳ್ಳಿಯಿದೆ. ಮಣ್ಣಿನ ಮನೆಗಳು, ಊರಿಗೆ ಹತ್ತಿಕೊಂಡೇ ಮರಳುದಿಬ್ಬಗಳು. ಅಲ್ಲಿನ ಒಂದು ಮನೆಯಲ್ಲಿ ಎರಡು ರಾತ್ರಿ ಇದ್ದು, ಸಜ್ಜೆ ರೊಟ್ಟಿ ಉಂಡು, ಸಂಜೆ ನಡೆದುಕೊಂಡೇ ಮರಳಿಗೆ ಹೋಗಬೇಕೆಂದಿದ್ದೆವು. ಅವ್ವನಿಗೆ ಮೊಣಕಾಲು ನೋವು, ಒಂಟೆ ಏರಲಾರಳು. ಆದ್ದರಿಂದಲೇ ಸಮ್ ಎಂಬ ಇನ್ನೊಂದು ಮರಳುದಿಬ್ಬದ ಊರು ಬೇಡ ಎಂದಿದ್ದೆ. ಸಮ್ ಇರುವುದು ಪಶ್ಚಿಮಕ್ಕೆ, ಸುಮಾರು 40 ಕಿಲೋಮೀಟರ್. ಅಲ್ಲಿ ಟೆಂಟುಗಳ ಸಾಲು, ಜೀಪುಗಳ ಗದ್ದಲ. ಖುರಿಯೇ ಬೇಕು, ಖುರಿಯೇ ಬೇಕು ಎಂದು ಏಜೆಂಟನಿಗೆ ಮೂರು ಸಲ ಹೇಳಿದ್ದೆ.

‘ಅಕ್ಕಾ, ನಾವೂ ಧಾರವಾಡದವರೇ. ನಮ್ಮವರಿಗೇ ಮೋಸ ಮಾಡುತ್ತೇವೆಯೇ? ದಿಬ್ಬದ ಪಕ್ಕದಲ್ಲೇ ಮನೆ, ಬಾಗಿಲು ತೆರೆದರೆ ಮರಳು’ ಎಂದ. ಫೋಟೊ ಕಳಿಸಿದ. ತಲೆಗೆ 2,200, ಏಳು ಜನ. ಒಂದೇ ಮನೆ ಉಳಿದಿದೆ, ಸಂಜೆಯೊಳಗೆ ಪೂರ್ತಿ ಹಣ ಹಾಕಿ ಎಂದ. ಮುಂಗಡವಲ್ಲ, ಪೂರ್ತಿ! ಹಾಕಿದೆ. ರಸೀದಿ ಕೇಳಲಿಲ್ಲ. ನಮ್ಮ ಊರಿನವನಲ್ಲವೇ ಎಂದುಕೊಂಡೆ.

ಹುಬ್ಬಳ್ಳಿಯಿಂದ ಜೋಧಪುರ, ಅಲ್ಲಿಂದ ಇನ್ನೊಂದು ರೈಲಿನಲ್ಲಿ ಜೈಸಲ್ಮೇರ್. ನಿಲ್ದಾಣಕ್ಕೆ ಬಂದ ಜೀಪಿನವನು ಬಾಡಿಗೆ ಬೇರೆ ಎಂದು 1,800 ಕೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಸ್ವಲ್ಪ ಹೊತ್ತಿಗೆ ಮೈಲಿಗಲ್ಲಿನ ಮೇಲೆ ‘ಸಮ್’ ಎಂದು ಕಂಡಿತು. ಇದು ಖುರಿಯ ದಾರಿಯಲ್ಲ ಎಂದೆ. ‘ನನಗೆ ಹೇಳಿರುವುದು ಇದೇ ಜಾಗ’ ಎಂದು ಅವನು ಗಾಡಿ ಓಡಿಸುತ್ತಲೇ ಇದ್ದ. ಹೆದ್ದಾರಿಯ ಬದಿಯಲ್ಲಿ, ಕಲ್ಲುಹರಳು ಹರಡಿದ ಬಯಲಿನಲ್ಲಿ ಇಳಿಸಿದ. ಮೂರು ಟೆಂಟು, ಒಂದು ಧ್ವನಿವರ್ಧಕ, ಕುರುಚಲು ಗಿಡ. ಅಕ್ಕನ ಮಗ ಕೆಳಗಿಳಿದು ಸುತ್ತ ನೋಡಿ ‘ಚಿಕ್ಕಮ್ಮಾ, ಮರಳು ಎಲ್ಲಿದೆ?’ ಎಂದು ಕೇಳಿದ. ಅಕ್ಕ ನನ್ನ ಮುಖ ನೋಡಿದಳು. ಏನೂ ಹೇಳಲಿಲ್ಲ. ಬೈದಿದ್ದರೂ ಚೆನ್ನಾಗಿತ್ತು.

ದಿಬ್ಬ ಅಲ್ಲಿಂದ ಐದು ಕಿಲೋಮೀಟರ್. ಹೋಗಲು ಜೀಪಿಗೆ ಮತ್ತೆ ಹಣ, ಒಂಟೆಗೆ ಮತ್ತೆ ಹಣ. ಏಜೆಂಟನಿಗೆ ಫೋನ್ ಮಾಡಿದೆ. ಅವನ ಉತ್ತರ ಇಂದಿಗೂ ಕಿವಿಯಲ್ಲಿದೆ: ‘ಅಕ್ಕಾ, ಮರುಭೂಮಿಯಲ್ಲಿ ಐದು ಕಿಲೋಮೀಟರ್ ಎಂದರೆ ಪಕ್ಕವೇ.’ ಖುರಿ ಎಂದಿದ್ದಿರಲ್ಲ ಎಂದರೆ, ‘ಅದೂ ಜೈಸಲ್ಮೇರ್ ಜಿಲ್ಲೆಯೇ, ಇದೂ ಅದೇ ಜಿಲ್ಲೆಯೇ.’ ಹಣ ವಾಪಸ್ ಕೊಡಿ ಎಂದರೆ, ‘ಇಷ್ಟು ವರ್ಷದಲ್ಲಿ ದೂರಿದವರು ನೀವೊಬ್ಬರೇ.’ ಕೊನೆಗೆ ಹೇಳಿದ ಮಾತು: ‘ನೀವು ಓದಿದವರಲ್ಲವೇ, ನಕ್ಷೆ ನೋಡಿಕೊಳ್ಳಬೇಕಿತ್ತು.’ ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಥಾರ್ ಮರುಭೂಮಿಯನ್ನು ಪ್ರತಿವರ್ಷ ಮಕ್ಕಳಿಗೆ ನಕ್ಷೆಯಲ್ಲಿ ತೋರಿಸುವವಳು. ಆ ಮಾತಿಗೆ ನನ್ನ ಬಾಯಿ ಕಟ್ಟಿತು. ಮರುದಿನದಿಂದ ಅವನು ಫೋನ್ ಎತ್ತಲೇ ಇಲ್ಲ.

ಆ ರಾತ್ರಿ ಹನ್ನೊಂದರವರೆಗೂ ಧ್ವನಿವರ್ಧಕ ಕೂಗಿತು. ಅವ್ವ ಕಿವಿಗೆ ಸೆರಗು ಸುತ್ತಿಕೊಂಡು ಮಲಗಿದ್ದಳು. ಎರಡನೆಯ ರಾತ್ರಿಯನ್ನು ಬಿಟ್ಟು ಜೈಸಲ್ಮೇರಿಗೆ ಮರಳಿ, ಕೋಟೆಯ ಕೆಳಗಿನ ಒಂದು ಛತ್ರದಲ್ಲಿ ಉಳಿದೆವು. ಅಲ್ಲಿ ಪರಿಚಯವಾದ ಗದಗಿನ ಒಂದು ಕುಟುಂಬ ಖುರಿಯಲ್ಲಿ ಮನೆಯವರಿಗೇ ನೇರವಾಗಿ ಫೋನ್ ಮಾಡಿ, ನಮಗಿಂತ ಕಡಿಮೆ ಹಣದಲ್ಲಿ ಇದ್ದು ಬಂದಿತ್ತು. ಅದನ್ನು ಕೇಳಿ ನನಗೆ ಅಳು ಬಂದಿತು.

ಪೂರ್ತಿ ಹಣ ಎಂದಿಗೂ ಮೊದಲೇ ಹಾಕಬೇಡಿ. ಹಳ್ಳಿಯ ಹೆಸರು, ದಿಬ್ಬಕ್ಕೆ ಎಷ್ಟು ಕಿಲೋಮೀಟರ್, ಜೀಪು ಮತ್ತು ಒಂಟೆಯ ಬಾಡಿಗೆ ಸೇರಿದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ತಂಗುವ ಜಾಗದ ಲೊಕೇಶನ್ ಕಳಿಸದವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಅವನು ನಿಮ್ಮ ಓಣಿಯವನೇ ಆಗಿರಲಿ.

ಮೋಸ ಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಇಷ್ಟು ಮೊತ್ತದ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ನಾನು ಅವನ ಸಂದೇಶಗಳನ್ನೂ ಹಣ ಹಾಕಿದ ವಿವರವನ್ನೂ ಮುದ್ರಿಸಿ ಇಟ್ಟುಕೊಂಡಿದ್ದೇನೆ. ‘ಪಕ್ಕದಲ್ಲೇ ಮನೆ’ ಎಂಬ ಸಂದೇಶ ಎಲ್ಲಕ್ಕಿಂತ ಮೇಲಿದೆ.