ಬೇಲಿ ಕೆಳಗೆ ತೋಡುವ ನಾಯಿಗೆ ಯಾವ ತಡೆ? ಮಲಗಿಸಿದ ಜಾಲರಿ, ಹೂತ ಜಾಲರಿ, ಕಾಂಕ್ರೀಟ್ ಮತ್ತು ಉಳಿದವು

ಓಡಿಹೋಗಲು ಹೊರಟ ನಾಯಿ ತೋಡುವುದನ್ನು ಹತ್ತಿರದಿಂದ ನೋಡಿ. ಮೂಗು ಬೇಲಿಯ ಬುಡಕ್ಕೆ ಅಂಟಿರುತ್ತದೆ. ಮುಂಗಾಲು ಎರಡೂ ಒಂದರ ಹಿಂದೊಂದು ಮಣ್ಣು ಕೆರೆಯುತ್ತವೆ, ಮಣ್ಣು ಹಿಂಗಾಲ ನಡುವಿಂದ ಹಾರಿ ಹಿಂದಕ್ಕೆ ಬೀಳುತ್ತದೆ. ನಾಲ್ಕೈದು ಸಲ ಕೆರೆದು ನಿಲ್ಲಿಸಿ, ಗುಂಡಿಗೆ ಮೂತಿ ತೂರಿಸಿ ಆಚೆಯ ವಾಸನೆ ಹಿಡಿಯುತ್ತದೆ. ಎರಡು ಅಡಿ ಹಿಂದೆ ಸರಿದು ಅಲ್ಲಿಂದ ಸುರಂಗ ಕೊರೆಯೋಣ ಎಂಬ ಲೆಕ್ಕ ಬಹುಪಾಲು ನಾಯಿಗಳಿಗೆ ಹೊಳೆಯುವುದಿಲ್ಲ. ಹಾಗಾಗಿ ಬೇಲಿಯನ್ನು ಎಷ್ಟು ಆಳ ಹೂತಿದ್ದೀರಿ ಎನ್ನುವುದಕ್ಕಿಂತ, ಬುಡದಿಂದ ಒಳಕ್ಕೆ ಎಷ್ಟು ಅಗಲ ಮುಚ್ಚಿದ್ದೀರಿ ಎನ್ನುವುದೇ ಮುಖ್ಯ. ಬೇರೆ ಬೇರೆ ಮಣ್ಣಿನ ಅಂಗಳಗಳಲ್ಲಿ, ತೋಡಿ ಪಳಗಿದ ನಾಯಿಗಳ ಎದುರು ಈ ವಿಧಾನಗಳನ್ನೆಲ್ಲ ಹೂಡಿ ನೋಡಿದ ಮೇಲೆ ನಮಗೆ ಖಚಿತವಾದದ್ದು ಇದೇ.

ಖರ್ಚಿಗೆ ಇಳಿಯುವ ಮುನ್ನ ಗುಂಡಿ ಎಲ್ಲಿದೆ ನೋಡಿ. ನೆರಳಲ್ಲಿ ತೋಡಿ ಅದರಲ್ಲೇ ಮುದುಡಿ ಮಲಗುವ ನಾಯಿಗೆ ಬೇಕಿರುವುದು ತಂಪು. ಅಂಗಳದ ನಡುವೆ ಸಾಲುಸಾಲಾಗಿ ತೋಡಿದ್ದರೆ ಅದು ಇಲಿ, ಹೆಗ್ಗಣದ ಬಿಲದ ಜಾಡು ಹಿಡಿದಿರಬಹುದು. ಬೇಲಿಯ ಬುಡದಲ್ಲೇ ತೋಡಿದ್ದರೆ ಮಾತ್ರ ಈ ತಡೆಗಳ ಮಾತು.

ನಮ್ಮ ಮೊದಲ ಆಯ್ಕೆ ನೆಲದ ಮೇಲೆ ಮಲಗಿಸಿದ ಜಾಲರಿ. 3 ಅಡಿ ಅಗಲದ ಜಿಐ (ಸತು ಲೇಪಿಸಿದ ಕಬ್ಬಿಣದ) ವೆಲ್ಡ್ ಮೆಶ್ ತೆಗೆದುಕೊಳ್ಳಿ. ದೊಡ್ಡ ನಾಯಿಗಾದರೆ 2×4 ಇಂಚಿನ ಕಣ್ಣು, ಮರಿಗೆ ಮತ್ತು ಸಣ್ಣ ತಳಿಗೆ 1×2 ಇಂಚು. ತಂತಿ 12 ಗೇಜ್ ಇರಲಿ, 14ಕ್ಕಿಂತ ತೆಳು ಬೇಡ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು). 1 ಅಡಿ ಗುರುತಿನ ಮೇಲೆ ಉದ್ದದ ಹಲಗೆ ಇಟ್ಟು, ಹಲಗೆ ಮೇಲೆ ನಿಂತು ಜಾಲರಿಯನ್ನು ಮೇಲಕ್ಕೆಳೆದರೆ ಲಂಬಕೋನಕ್ಕೆ ಬಾಗುತ್ತದೆ. ಆ 1 ಅಡಿ ಬೇಲಿಗೆ ಆನಿಕೊಳ್ಳಬೇಕು, ಉಳಿದ 2 ಅಡಿ ಅಂಗಳದ ಒಳಗಡೆ ಮಲಗಬೇಕು. ಬೇಲಿಗೆ 6 ಇಂಚಿಗೊಂದರಂತೆ ಜಿಐ ತಂತಿಯಲ್ಲಿ ಕಟ್ಟಿ. ಕಂಬಿ ಕಟ್ಟುವ ಕಪ್ಪು ಬೈಂಡಿಂಗ್ ವೈರ್ ಮಳೆಗೆ ತುಕ್ಕು ಹಿಡಿದು ಪಟ್ಟನೆ ಮುರಿಯುತ್ತದೆ. ಮುಂದಿನ ಅಂಚಿಗೆ ಅಡಿಗೊಂದು, ನಡುವೆ ಎರಡು ಅಡಿಗೊಂದು ಯು ಆಕಾರದ ಗೂಟ ಬಡಿಯಿರಿ. ಗಟ್ಟಿ ಮಣ್ಣಿಗೆ 6 ಇಂಚು ಸಾಕು, ಮರಳು ಮಣ್ಣಿಗೆ 10 ಇಂಚಾದರೂ ಬೇಕು. 30 ಅಡಿ ಬೇಲಿಗೆ ಸುಮಾರು 45 ಗೂಟ, 60 ಕಟ್ಟು ಆಗುತ್ತದೆ. ಒಂದು ತುಂಡು ಮುಗಿದು ಇನ್ನೊಂದು ಸೇರುವಲ್ಲಿ 6 ಇಂಚು ಒಂದರ ಮೇಲೊಂದು ಬರಲಿ.

ಇಲ್ಲಿ ಕೈಕೊಡುವುದು ಬಹುತೇಕ ಒಂದೇ ಕಡೆ, ಮುಂದಿನ ಅಂಚು. ಸುರುಳಿ ಬಿಚ್ಚಿದ ಜಾಲರಿಗೆ ಹುಟ್ಟುಬಾಗು ಇರುತ್ತದೆ. ಆ ಬಾಗು ಮೇಲ್ಮುಖವಾಗಿ ಹಾಸಿದರೆ ತುದಿ ಎದ್ದು ನಿಲ್ಲುತ್ತದೆ, ನಾಯಿಯ ಉಗುರು ಅದಕ್ಕೆ ಸಿಕ್ಕಿ ಕಿತ್ತು ಬರಬಹುದು. ಬಾಗು ನೆಲಮುಖವಾಗಿರಲಿ. ಕತ್ತರಿಸಿದ ತಂತಿಯ ಮೊನೆಗಳನ್ನು ಇಕ್ಕಳದಲ್ಲಿ ಮಡಚಿ ಮಣ್ಣಿನ ಕಡೆಗೆ ತಿರುಗಿಸಿ. ಮೇಲೆ 2 ಇಂಚು ಮಣ್ಣು ಹರಡಿ ಹುಲ್ಲು ಬೆಳೆಸಿದರೆ ಬೇರು ಹೆಣೆದುಕೊಂಡು ಜಾಲರಿಯನ್ನು ಗೂಟಗಳಿಗಿಂತ ಭದ್ರವಾಗಿ ಹಿಡಿಯುತ್ತದೆ. ಹುಲ್ಲು ಹಿಡಿಯುವ ತನಕ ದಿನಾ ಕಣ್ಣಿಟ್ಟಿರಿ. ಅಗ್ಗವೆಂದು ಕೋಳಿಗೂಡಿನ ಜಾಲರಿ ಹಾಕುವವರಿದ್ದಾರೆ. ಅದರ ತಂತಿ ತೆಳು, ಒದ್ದೆ ಮಣ್ಣಿನಲ್ಲಿ ಬೇಗ ತಿಂದುಹೋಗುತ್ತದೆ. ನಾಯಿ ಹಲ್ಲಿನಲ್ಲೇ ಹರಿಯುತ್ತದೆ, ಹರಿದ ತುದಿ ಪಾದಕ್ಕೆ ಚುಚ್ಚುತ್ತದೆ. ದಯವಿಟ್ಟು ಅದನ್ನು ಬಳಸಬೇಡಿ.

ಅದೇ ಜಾಲರಿಯನ್ನು ನೆಟ್ಟಗೆ ಹೂಳುವುದು ಎರಡನೆಯ ದಾರಿ. ಬೇಲಿಯುದ್ದಕ್ಕೂ ಒಂದೂವರೆಯಿಂದ 2 ಅಡಿ ಆಳದ ಕಾಲುವೆ ತೆಗೆಯಬೇಕು. ಹಾರೆ, ಪಿಕಾಸಿಯ ಕೆಲಸವೇ ಮಲಗಿಸುವುದರ ಹಲವು ಪಟ್ಟು, ಮರದ ಬೇರು ಬಂದರೆ ಅಲ್ಲಿಗೇ ನಿಂತಿತು. ಅಷ್ಟು ಬೆವರು ಸುರಿಸಿದರೂ ಫಲ ಕಡಿಮೆ, ಏಕೆಂದರೆ ಕಾಲುವೆ ತೆಗೆದು ತುಂಬಿದ ಮಣ್ಣು ಸಡಿಲ. ಬುಡದಲ್ಲೇ ಮೃದು ಮಣ್ಣು ಸಿಕ್ಕ ನಾಯಿ ಜಾಲರಿಗೆ ಒತ್ತಿಕೊಂಡೇ ಕೆಳಕ್ಕೆ ಇಳಿಯುತ್ತದೆ. ಪ್ರತಿ ಅರ್ಧ ಅಡಿಗೆ ನೀರು ಹಾಕಿ ದಮ್ಮಸು ಮಾಡಿದರೆ ತಡೆಯುತ್ತದೆ, ಆದರೆ ಅಷ್ಟು ತಾಳ್ಮೆ ಇದ್ದರೆ ಕಾಂಕ್ರೀಟೇ ಹಾಕಬಹುದು.

ಕಾಂಕ್ರೀಟ್ ಪಟ್ಟಿಯನ್ನು ತೋಡಿ ಗೆದ್ದ ನಾಯಿ ನಾವು ಕಂಡಿಲ್ಲ. 6 ಇಂಚು ಅಗಲ, 1 ಅಡಿ ಆಳದ ಕಾಲುವೆಗೆ ಸಿಮೆಂಟ್, ಮರಳು, ಜಲ್ಲಿಯ 1:2:4 ಮಿಶ್ರಣ ಸಾಕು. 30 ಅಡಿಗೆ 50 ಕಿಲೋ ತೂಕದ ಸಿಮೆಂಟ್ 3 ಮೂಟೆ, ಮರಳು 7 ಘನ ಅಡಿ, ಜಲ್ಲಿ 13–14 ಘನ ಅಡಿ ಬೇಕಾಗುತ್ತದೆ. ಬೇಲಿ ಚೈನ್‌ಲಿಂಕ್ (ಹೆಣೆದ ತಂತಿಯದು) ಆಗಿದ್ದರೆ ಅದರ ಕೆಳ ಅಂಚು ಹಸಿ ಕಾಂಕ್ರೀಟಿನೊಳಗೆ 2 ಇಂಚು ಮುಳುಗಲಿ. ಇಲ್ಲದಿದ್ದರೆ ನಾಯಿ ಮೂತಿಯಿಂದ ಬೇಲಿಯನ್ನೇ ಎತ್ತಿ ನುಸುಳುತ್ತದೆ. ಅಂಗಳದ ತಗ್ಗಿನ ಕಡೆ ಪಟ್ಟಿಯಲ್ಲಿ ಒಂದು ಸಣ್ಣ ಪೈಪ್ ಬಿಡದಿದ್ದರೆ ಮಳೆನೀರು ಒಳಗೇ ನಿಲ್ಲುತ್ತದೆ. 7 ದಿನ ನೀರುಣಿಸಿ, ಹಸಿ ಸಿಮೆಂಟ್ ಪಾದ ಸುಡುವುದರಿಂದ ಅಷ್ಟೂ ದಿನ ನಾಯಿಯನ್ನು ಆ ಕಡೆ ಬಿಡಬೇಡಿ. ಬಾಡಿಗೆ ಮನೆಗೆ ಇದು ಒಗ್ಗದು. ಬೇಲಿ ಮುಂದೆ ಜರುಗಿಸುವ ಯೋಚನೆ ಇದ್ದರೂ ಅಷ್ಟೇ.

ಚಪ್ಪಡಿ ಹಾಸುವುದು ನಡುವಿನ ದಾರಿ. ಒಂದೂವರೆ ಅಡಿ ಚೌಕದ, 2 ಇಂಚು ದಪ್ಪದ ಕಾಂಕ್ರೀಟ್ ಚಪ್ಪಡಿ ಹೆಚ್ಚುಕಡಿಮೆ 24 ಕಿಲೋ ತೂಗುತ್ತದೆ, ನಾಯಿ ಅದನ್ನು ಎತ್ತದು. ಸಂದು ಮಾತ್ರ ಬಿಗಿಯಾಗಿರಲಿ. ಕೈಗೆ ಸಿಕ್ಕ ಕಲ್ಲುಗಳನ್ನು ಬೇಲಿ ಬುಡಕ್ಕೆ ಸುಮ್ಮನೆ ಜೋಡಿಸಿದರೆ ನಾಯಿ ಉರುಳಿಸುತ್ತದೆ. ಮೂರರಲ್ಲಿ ಎರಡು ಪಾಲು ಹೂತಿರಬೇಕು.

ಕರೆಂಟ್ ತಂತಿ ಮತ್ತು ಗಡಿ ದಾಟಿದರೆ ಶಾಕ್ ಕೊಡುವ ಕೊರಳಪಟ್ಟಿಯನ್ನು ನಾವು ಯಾರಿಗೂ ಹೇಳುವುದಿಲ್ಲ. ಹುಲ್ಲು ತಾಗಿದರೆ ತಂತಿಯ ಹೊಡೆತ ಸೋರಿಹೋಗುತ್ತದೆ, ಒಣ ಮಣ್ಣಿನಲ್ಲಿ ಅರ್ಥಿಂಗ್ ಸರಿಯಾಗಿ ಕೂರುವುದಿಲ್ಲ. ಕೊರಳಪಟ್ಟಿಯದು ಇನ್ನೂ ದೊಡ್ಡ ದೋಷ. ಬೆಕ್ಕಿನ ಹಿಂದೆ ಬಿದ್ದ ನಾಯಿ ಒಂದು ಶಾಕ್ ನುಂಗಿಕೊಂಡು ಗಡಿ ದಾಟಿಬಿಡುತ್ತದೆ. ಆವೇಶ ಇಳಿದ ಮೇಲೆ ಅದೇ ಶಾಕಿಗೆ ಹೆದರಿ ಮನೆಗೆ ವಾಪಸ್ ಬರುವುದಿಲ್ಲ. ಹೊರಗಿನ ನಾಯಿ ಒಳಗೆ ನುಗ್ಗುವುದನ್ನಂತೂ ಕೊರಳಪಟ್ಟಿ ತಡೆಯುವುದೇ ಇಲ್ಲ. ಸಿಡಿಲು ಗುಡುಗಿಗೆ ಕಂಗೆಟ್ಟು ಓಡುವ ನಾಯಿಗೆ ನೋವು ಕೊಟ್ಟರೆ ಭಯ ಇಮ್ಮಡಿಯಾಗುತ್ತದೆ, ಆ ನಾಯಿಗೆ ಬೇಕಿರುವುದು ಮನೆಯೊಳಗೊಂದು ಮೂಲೆ.

ಖಾರದ ಪುಡಿ ಕಣ್ಣು ಮೂಗು ಉರಿಸಿ, ಮೊದಲ ಮಳೆಗೆ ತೊಳೆದುಹೋಗುತ್ತದೆ. ನುಸಿಗುಳಿಗೆ ನಾಯಿಗೆ ವಿಷ, ಅಂಗಳದಲ್ಲಿ ಒಂದೂ ಬೀಳಬಾರದು. ಗುಂಡಿಗೆ ನಾಯಿಯದೇ ಮಲ ಹಾಕಿ ಮುಚ್ಚಿದರೆ ಆ ಗುಂಡಿಯನ್ನು ನಾಯಿ ಮತ್ತೆ ಮುಟ್ಟದಿರಬಹುದು, ಆದರೆ ಪಕ್ಕದಲ್ಲಿ ಹೊಸದು ಏಳುತ್ತದೆ.

ಸುತ್ತ ಎಲ್ಲ ಭದ್ರ ಮಾಡಿ ಗೇಟು ಮರೆಯುವವರೇ ಹೆಚ್ಚು. ಗೇಟಿನ ಕೆಳಗೆ 2 ಇಂಚಿಗಿಂತ ಹೆಚ್ಚು ಸಂದು ಬೇಡ, ಸಣ್ಣ ನಾಯಿಗೆ 1 ಇಂಚು. ಅಲ್ಲಿ ಓಡಾಟವಿರುವುದರಿಂದ ಜಾಲರಿ ನಿಲ್ಲದು. ಚಪ್ಪಡಿ ಇಲ್ಲವೇ ಕಾಂಕ್ರೀಟ್ ಹೊಸ್ತಿಲು ಹಾಕಿ ಎರಡೂ ಪಕ್ಕ 1 ಅಡಿ ಮುಂದುವರಿಸಿ.

ತೋಡುವ ಚಪಲವೇ ಇರುವ ನಾಯಿಗೆ ತಡೆಯೊಂದನ್ನೇ ಒಡ್ಡಿದರೆ ಅದು ಹತ್ತಿ ಹಾರುವುದನ್ನು ಕಲಿಯಬಹುದು. ಬೇಲಿಯಿಂದ ದೂರ, ನೆರಳಿರುವ ಎತ್ತರದ ಜಾಗದಲ್ಲಿ 3×6 ಅಡಿಯ, 2 ಅಡಿ ಆಳದ ಗುಂಡಿ ತೆಗೆದು ಮರಳು ಮಣ್ಣು ಬೆರೆಸಿ ತುಂಬಿ. ಮೊದಲ ದಿನಗಳಲ್ಲಿ ಆಟಿಕೆಯ ಅರ್ಧ ಮೇಲೆ ಕಾಣುವಂತೆ ಹೂಳಿ, ಆಮೇಲೆ ಆಳ ಹೆಚ್ಚಿಸಿ. ಬೇಲಿ ಹತ್ತಿರ ಕೆರೆಯಲು ಶುರುಮಾಡಿದರೆ ಗದರದೆ ಕರೆದುತಂದು ಇಲ್ಲಿ ಬಿಡಿ.

ಯಾವುದನ್ನೇ ಹಾಕಿದರೂ ಜೋರು ಮಳೆಯ ಮರುದಿನ ಬೇಲಿಗುಂಟ ನಡೆದು ಕಾಲಲ್ಲಿ ಒತ್ತಿ ನೋಡಿ. ಜಾಲರಿ ಪುಟಿದ ಕಡೆ ಇನ್ನೊಂದು ಗೂಟ ಬಡಿಯಿರಿ. ಮಣ್ಣು ಕೊಚ್ಚಿಹೋಗಿ ಸಂದು ಕಂಡಲ್ಲಿ ಜಲ್ಲಿ ತುಂಬಿ ದಮ್ಮಸು ಮಾಡಿ, ಆಮೇಲೆ ನಾಯಿಯನ್ನು ಹೊರಗೆ ಬಿಡಿ.