ತೋಟಕ್ಕೆ ‘ಟ್ರೀಟೆಡ್ ನೀರು’ ಅಂತ ಟ್ಯಾಂಕರ್ ತರಿಸುವವರು ದಯವಿಟ್ಟು ಓದಿ

ಟಿಡಿಎಸ್ (ನೀರಲ್ಲಿ ಕರಗಿರುವ ಉಪ್ಪು, ಲವಣಗಳ ಪ್ರಮಾಣ) ನೋಡದೆ ಟ್ಯಾಂಕರ್ ನೀರನ್ನು ಗಿಡಕ್ಕೆ ಹಾಕಬೇಡಿ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟಾದರೂ ನೆನಪಿಟ್ಟುಕೊಳ್ಳಿ. ಬಿಸಿಲು ಮತ್ತೆ ಶುರುವಾಗಿದೆ. ಮೊನ್ನೆ ಪಕ್ಕದ ಬೀದಿಯವರು ಒಂದು ವಾಟ್ಸಾಪ್ ಮೆಸೇಜ್ ತೋರಿಸಿದರು. ‘ಗಾರ್ಡನ್‌ಗೆ ಟ್ರೀಟೆಡ್ ನೀರು, ಕಡಿಮೆ ರೇಟು.’ ಟ್ರೀಟೆಡ್ ಅಂದರೆ ಶುದ್ಧೀಕರಿಸಿದ ಕೊಳಚೆ ನೀರು. ನನಗೆ ಬಂದಿದ್ದ ಅದೇ ಮಾತು. ಓದುತ್ತಿದ್ದಂತೆ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು.

ನಮ್ಮ ಮನೆ ಹೊರಮಾವು ಕಡೆ. 2024ರ ಬೇಸಿಗೆ ಬೆಂಗಳೂರಲ್ಲಿದ್ದ ಯಾರಿಗೂ ಮರೆತಿರುವುದಿಲ್ಲ. ಫೆಬ್ರವರಿಯಲ್ಲೇ ನಮ್ಮ ಬೋರ್‌ವೆಲ್ ಕೈಕೊಟ್ಟಿತು. ಮಾರ್ಚ್‌ನಲ್ಲಿ ಜಲಮಂಡಳಿಯ ಆದೇಶ ಬಂತು, ಕುಡಿಯುವ ನೀರನ್ನು ತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ. ಆದೇಶ ಸರಿಯಾಗೇ ಇತ್ತು. ಮನುಷ್ಯರಿಗೇ ನೀರಿಲ್ಲದಾಗ ಗಿಡಕ್ಕೆ ಎಲ್ಲಿಂದ ತರೋದು? ಆದರೆ ನನ್ನ ಹತ್ತಿರ ಅರವತ್ತು ಕುಂಡ ಇದ್ದವು. ಅಂಗಳದಲ್ಲಿ ನಿಂಬೆ, ಕರಿಬೇವು, ದಾಸವಾಳ. ಅಮ್ಮ ನಂಜನಗೂಡಿನಿಂದ ಕಡ್ಡಿ ತಂದು ಬೇರು ಬರಿಸಿಕೊಟ್ಟ ಮಲ್ಲಿಗೆ. ಕಣ್ಣೆದುರೇ ಬಾಡಲು ಬಿಡೋಕೆ ಮನಸ್ಸಾಗಲಿಲ್ಲ.

ಆ ಹೊತ್ತಿಗೇ ಈ ಟ್ಯಾಂಕರ್ ಮನುಷ್ಯನ ನಂಬರ್ ಸಿಕ್ಕಿತು. ಎಷ್ಟು ಚೆನ್ನಾಗಿ ಮಾತಾಡಿದ! “ಮೇಡಂ, ಕಬ್ಬನ್ ಪಾರ್ಕು, ಲಾಲ್‌ಬಾಗಿಗೆಲ್ಲ ಟ್ರೀಟೆಡ್ ನೀರೇ ಹಾಕೋದು. ಗಿಡಕ್ಕೆ ಅಮೃತ ಅದು.” ಆ ಪಾರ್ಕುಗಳಿಗೆ ಶುದ್ಧೀಕರಿಸಿದ ನೀರು ಬಳಸುವುದು ನಿಜವೇ. ನಿಜ ಇದ್ದಿದ್ದರಿಂದಲೇ ನಂಬಿಬಿಟ್ಟೆ. 6,000 ಲೀಟರಿಗೆ 1,400 ಅಂದ. ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗೆ 600 ರೂಪಾಯಿ ಅಂತ ದರ ನಿಗದಿ ಮಾಡಿತ್ತು, ನನಗೂ ಗೊತ್ತಿತ್ತು. ಕೇಳಿದೆ. “ಆ ರೇಟಿಗೆ ಸಿಕ್ಕಿದ್ರೆ ತಗೊಳ್ಳಿ ಮೇಡಂ” ಅಂದ. ಎಲ್ಲೂ ಸಿಗುತ್ತಿರಲಿಲ್ಲ ಅನ್ನೋದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಪೈಪ್ ಹಾಕುವ ಮೊದಲೇ ದುಡ್ಡು ಕೇಳಿದ, ಕೊಟ್ಟೆ. ಮಳೆನೀರಿಗೆಂದು ಕಟ್ಟಿಸಿದ ತೊಟ್ಟಿ ಖಾಲಿ ಇತ್ತು, ಅದಕ್ಕೇ ಬಿಡಿಸಿದೆ. ತೊಟ್ಟಿ ಎಂಟು ಅಡಿ ಉದ್ದ, ಆರು ಅಡಿ ಅಗಲ. 6,000 ಲೀಟರ್ ಬಿದ್ದರೆ ಹತ್ತಿರ ಹತ್ತಿರ ನಾಲ್ಕೂವರೆ ಅಡಿ ನಿಲ್ಲಬೇಕು. ಕೋಲು ಇಳಿಸಿ ನೋಡಿದರೆ ಮೂರೇ ಅಡಿ. ಅಂದರೆ ಸುಮಾರು 4,000 ಲೀಟರ್.

ಅವನ ಉತ್ತರ ಕೇಳಿ: “ಒಣಗಿದ ತೊಟ್ಟಿ ಅಲ್ವಾ ಮೇಡಂ, ಸಿಮೆಂಟು ಕುಡ್ಕೊಂಡಿರತ್ತೆ.”

ಎರಡು ಸಾವಿರ ಲೀಟರ್ ಸಿಮೆಂಟು ಕುಡಿಯುತ್ತಾ? ಇವತ್ತು ಕೇಳ್ತೀನಿ. ಅವತ್ತು ಕೋಲು ಕೈಯಲ್ಲಿ ಹಿಡಿದುಕೊಂಡು, ಹೌದೇನೋ ಅಂತ ತಲೆ ಆಡಿಸಿದೆ. ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತೆ.

ಹತ್ತು ದಿನದಲ್ಲಿ ಮಲ್ಲಿಗೆ ಎಲೆಯ ಅಂಚು ಕಂದಾಯಿತು. ಆಮೇಲೆ ನಿಂಬೆ. ತುದಿಯಿಂದ ಒಳಗೆ ಒಣಗುತ್ತಾ ಬಂತು. ಫೋನ್ ಮಾಡಿದೆ. “37 ಡಿಗ್ರಿ ಬಿಸಿಲು ಮೇಡಂ, ನೀರು ಸಾಲ್ತಿಲ್ಲ, ಜಾಸ್ತಿ ಹಾಕಿ” ಅಂದ. ನಾನು ಜಾಸ್ತಿ ಹಾಕಿದೆ. ಅದಷ್ಟೇ ಅಲ್ಲ, ಎರಡನೇ ಟ್ಯಾಂಕರ್ ಕೂಡ ತರಿಸಿದೆ! ಅದೇ ನೀರು, ಅದೇ 1,400. ನನ್ನ ಕೈಯಾರೆ ಹಾಕಿದೆ. ಅದೇ ಜಾಸ್ತಿ ಉರಿಯೋದು.

ಕುಂಡದ ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದಾಗ ಅನುಮಾನ ಬಂತು. ಮೀನು ಸಾಕುವ ಪಕ್ಕದ ಮನೆ ಹುಡುಗನ ಹತ್ತಿರ ಟಿಡಿಎಸ್ ಮೀಟರ್ ಇತ್ತು. ತೊಟ್ಟಿ ನೀರಿಗೆ ಅದ್ದಿದರೆ 2,640. ನಮ್ಮ ಬೋರ್‌ವೆಲ್ ನೀರು 600ರ ಆಸುಪಾಸು ಇರುತ್ತಿತ್ತು. ಪ್ಲಂಬರ್ ನೋಡಿ, ಎಲ್ಲೋ ದೊಡ್ಡ ಕಟ್ಟಡದಲ್ಲಿ ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ತೊಳೆದ ನೀರು ಇರಬೇಕು ಅಂದ. ಸಾಫ್ಟ್‌ನರ್‌ಗೆ ಉಪ್ಪು ಸುರೀತಾರಲ್ಲ, ಅದನ್ನು ತೊಳೆದು ಹೊರಗೆ ಬಿಡುವ ನೀರು. ನಾನು ಗಿಡಗಳಿಗೆ ಉಪ್ಪುನೀರು ಹಾಕಿದ್ದೆ.

ಮೀಟರ್ ಫೋಟೋ ಕಳಿಸಿದೆ. “ಮೀಟರ್ ಚೈನಾದು ಮೇಡಂ.” ಲ್ಯಾಬ್ ರಿಪೋರ್ಟ್ ಕೇಳಿದೆ. ಯಾವುದೋ ಅಪಾರ್ಟ್‌ಮೆಂಟಿನದು ಕಳಿಸಿದ, ತಾರೀಖು 2021ರದ್ದು. ದುಡ್ಡು ವಾಪಸ್ ಕೊಡಿ ಅಂದೆ. ಆಗ ಬಂದ ಉತ್ತರ: “ಗಿಡ ತಾನೇ ಮೇಡಂ, ಇಷ್ಟಕ್ಕೆಲ್ಲಾ ಯಾಕೆ ಕೂಗಾಡ್ತೀರಾ.” ಆಮೇಲೆ ಬ್ಲಾಕ್ ಮಾಡಿದ.

ಗಿಡ ತಾನೇ! ಆ ಮಲ್ಲಿಗೆಗೆ ಏಳು ವರ್ಷ.

ಮಣ್ಣಲ್ಲಿ ಕೂತ ಉಪ್ಪು ಹೋಗಬೇಕಾದರೆ ಒಳ್ಳೆ ನೀರನ್ನು ಕುಂಡದ ತಳದಿಂದ ಸೋರುವ ತನಕ ಮತ್ತೆ ಮತ್ತೆ ಹಾಕಬೇಕು. ಒಳ್ಳೆ ನೀರು ಇದ್ದಿದ್ದರೆ ಟ್ಯಾಂಕರ್ ಯಾಕೆ ಕರೀತಿದ್ದೆ? ಆ ಏಪ್ರಿಲ್‌ನಲ್ಲಿ ನಮಗೆ ಒಂದು ಹನಿ ಮಳೆ ಇಲ್ಲ. ಮೇ ಮೊದಲ ವಾರ ಮಳೆ ಬಂದಾಗ ಕುಂಡಗಳನ್ನೆಲ್ಲ ಸೂರಿನ ಕೆಳಗಿಂದ ಎಳೆದು ಮಳೆಗೆ ಇಟ್ಟೆ. ಕರಿಬೇವು, ದಾಸವಾಳ ಚಿಗುರಿದವು. ನಿಂಬೆ ಅರ್ಧ ಉಳಿಯಿತು. ಮಲ್ಲಿಗೆ ಬರಲಿಲ್ಲ.

ಟ್ಯಾಂಕರ್ ಬಂದರೆ ಮೊದಲು ಒಂದು ಬಕೆಟ್ ಹಿಡಿಯಿರಿ, ಮೀಟರ್ ಅದ್ದಿ. ಕೆಲವು ನೂರು ರೂಪಾಯಿಗೆ ಸಿಗುತ್ತೆ. ಅದಕ್ಕೆ ಒಪ್ಪದವನನ್ನು ಗೇಟಿನಿಂದಲೇ ಕಳಿಸಿ. ತೊಟ್ಟಿ ಅಳತೆ ಅವನ ಮುಂದೆಯೇ ಮಾಡಿ, ದುಡ್ಡು ಆಮೇಲೆ. ಎಲೆ ಅಂಚು ಸುಟ್ಟರೆ ಬಿಸಿಲು ಅಂದುಕೊಂಡು ಅದೇ ನೀರು ಮತ್ತೆ ಹಾಕಬೇಡಿ, ದಯವಿಟ್ಟು.

ಈ ಸಲ ನಾನು ಟ್ಯಾಂಕರ್ ಕರೆದಿಲ್ಲ. ಕುಂಡ ಇಪ್ಪತ್ತೆರಡಕ್ಕೆ ಇಳಿಸಿದ್ದೇನೆ. ಅಕ್ಕಿ, ತರಕಾರಿ ತೊಳೆದ ನೀರು, ಮಣ್ಣಿನ ಮೇಲೆ ತೆಂಗಿನ ನಾರು, ಸಂಜೆ ಹೊತ್ತು ಮಾತ್ರ ನೀರು. ಅಮ್ಮನಿಗೆ ಇನ್ನೂ ವಿಷಯ ಹೇಳಿಲ್ಲ. ಇನ್ನೊಂದು ಕಡ್ಡಿ ಕೇಳಬೇಕು.