ಕರೆಂಟ್ ಬರುವ ಮೊದಲು ಹೊಸ ಮನೆ ಬೆಚ್ಚಗಾಗಿಸಿದ್ದು: ಕೆಂಡ, ಗ್ಯಾಸ್, ಜನರೇಟರ್, ಸೌದೆ ಒಲೆ

ಮಡಿಕೇರಿ ಹತ್ತಿರ ಗಾಳಿಬೀಡು ಕಡೆ ತೋಟದೊಳಗೆ ಮನೆ ಕಟ್ಟಿಸಿದೆವು. ಒಳಗಿನ ಪ್ಲಾಸ್ಟರಿಂಗ್ ಮುಗಿಯುವಾಗ ಕಾವೇರಿ ಸಂಕ್ರಮಣ ಕಳೆದಿತ್ತು. ಗೃಹಪ್ರವೇಶಕ್ಕೆ ಮಾಘದಲ್ಲಿ ಮುಹೂರ್ತ. ರಸ್ತೆಯಿಂದ ಮನೆವರೆಗೆ ಎರಡು ಕಂಬ ನಿಂತ ಮೇಲೆಯೇ ಕರೆಂಟ್. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಮುಗಿದು ಕಾಫಿ ಕುಯ್ಲು ಶುರುವಾದರೂ ಕಂಬದ ಸುಳಿವಿಲ್ಲ.

ಗೋಡೆ ಮುಟ್ಟಿದರೆ ಕೈಗೆ ತಂಪು ಅಂಟುತ್ತಿತ್ತು. ಪುಟ್ಟಿ ಹಾಕಲು ಬಂದ ಹುಡುಗರು, "ಸಾರ್, ಈಗ ಹಾಕಿದ್ರೆ ಮಳೆಗಾಲಕ್ಕೆ ಎದ್ದು ಬರ್ತದೆ" ಎಂದು ವಾಪಸ್ ಹೋದರು. ಅಪ್ಪನಿಗೆ 79 ವರ್ಷ. ಪ್ರವೇಶದ ರಾತ್ರಿ ಹೊಸ ಮನೆಯಲ್ಲೇ ಮಲಗಬೇಕು ಎಂದು ಆಸೆ. ಹೊರಗೆ ರಾತ್ರಿ 12 ಡಿಗ್ರಿ. ಒದ್ದೆ ಗೋಡೆಗಳ ನಡುವೆ ಅವರನ್ನು ಮಲಗಿಸುವುದು ಹೇಗೆ? ಹಾಗಾಗಿ ಒಂದೇ ಹಾಲ್‌ನಲ್ಲಿ, ಒಂದೊಂದು ಉಪಾಯವನ್ನು ಕೆಲವು ರಾತ್ರಿ ಮಾಡಿ ನೋಡಿದೆ. ಬ್ಯಾಟರಿ ಸೆಲ್‌ನಲ್ಲಿ ಓಡುವ ಸಣ್ಣ ತೇವಾಂಶ ಮೀಟರ್ ಒಂದನ್ನು ಕಿಟಕಿ ಕಟ್ಟೆ ಮೇಲೆ ಇಟ್ಟಿದ್ದೆ.

ಮೊದಲು ಕೆಂಡ. ಬಾಣಂತಿ ಕೋಣೆಗೆ ಕೆಂಡ ಇಡುವುದು, ಮಳೆಗಾಲದಲ್ಲಿ ಕೆಂಡದ ಮೇಲೆ ಬುಟ್ಟಿ ಕವುಚಿ ಬಟ್ಟೆ ಒಣಗಿಸುವುದು, ಇದನ್ನೆಲ್ಲ ನೋಡುತ್ತಲೇ ಬೆಳೆದವನು ನಾನು. ಕಬ್ಬಿಣದ ಬಾಣಲೆ ತುಂಬ ಇದ್ದಿಲು ಹಾಕಿ ಹೊತ್ತಿಸಿ, ಬಾಗಿಲು ಹಾಕಿದೆ. ಹೊಗೆ ಇಲ್ಲ, ವಾಸನೆ ಇಲ್ಲ. ಒಂದು ಗಂಟೆಯಲ್ಲಿ ತಲೆ ಭಾರವಾಯಿತು. ಜೊತೆಗಿದ್ದ ಭಾವ ಎದ್ದು ನಿಲ್ಲಲು ಹೋಗಿ ಗೋಡೆ ಹಿಡಿದರು. ಇಬ್ಬರೂ ಹೊರಗೆ ಓಡಿದೆವು. ಹಳೆಯ ಹೆಂಚಿನ ಮನೆಯಲ್ಲಿ ಸಂದುಗಳಿಂದ ಗಾಳಿ ಆಡುತ್ತಿತ್ತು. ಆರ್‌ಸಿಸಿ ಮನೆಯಲ್ಲಿ, ರಬ್ಬರ್ ಪಟ್ಟಿ ಇರುವ ಕಿಟಕಿ ಹಾಕಿದರೆ ಗಾಳಿಗೆ ದಾರಿಯೇ ಇಲ್ಲ. ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡ್ ಕಣ್ಣಿಗೂ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಮೇಲೆ ಬೂದಿ ಕಟ್ಟಿದ್ದರೂ ಅದು ಬರುತ್ತಲೇ ಇರುತ್ತದೆ. ದಯವಿಟ್ಟು ಯಾರೂ ಮಾಡಬೇಡಿ. ನಾನು ಮರುದಿನವೇ ಸೆಲ್ ಹಾಕುವ ಮಾನಾಕ್ಸೈಡ್ ಅಲಾರಂ ತರಿಸಿದೆ. ಆಮೇಲಿನ ಎಲ್ಲಾ ರಾತ್ರಿಗಳಲ್ಲೂ ಅದು ಪಕ್ಕದಲ್ಲೇ ಇತ್ತು.

ಆಮೇಲೆ ಗ್ಯಾಸ್ ಹೀಟರ್. ಹಿಂದುಗಡೆ ಸಿಲಿಂಡರ್ ಕೂರುವಂಥದ್ದು. ಕಿಟಕಿ ನಾಲ್ಕು ಬೆರಳು ತೆರೆದಿಟ್ಟಿದ್ದೆ. ಹತ್ತೇ ನಿಮಿಷಕ್ಕೆ ಹಿತವಾದ ಬೆಚ್ಚಗೆ. ಇದೇ ಸಾಕು ಅನ್ನಿಸಿತು. ರಾತ್ರಿ ಹತ್ತರ ಹೊತ್ತಿಗೆ ಟಾರ್ಚ್ ಬಿಟ್ಟು ನೋಡಿದರೆ ಕಿಟಕಿ ಗಾಜಿನ ಮೇಲೆ ಹನಿಗಳು ಸಾಲಾಗಿ ಇಳಿಯುತ್ತಿವೆ! ಕೆಳಗೆ ಗ್ರಾನೈಟ್ ಕಟ್ಟೆ ಮೇಲೆ ಹಾಸಿದ್ದ ಪೇಪರ್ ಪೂರ್ತಿ ನೆನೆದಿತ್ತು. ತೇವಾಂಶ ಇಳಿಯುವ ಬದಲು ಏರಿತ್ತು.

ಕಾರಣ ಸರಳ. ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು 1.6 ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. 14.2 ಕೆಜಿಯ ಒಂದು ಸಿಲಿಂಡರ್ ಖಾಲಿ ಮಾಡಿದರೆ ಮನೆಯೊಳಗೆ ಹೆಚ್ಚುಕಡಿಮೆ 23 ಲೀಟರ್ ನೀರು ಬಿಟ್ಟ ಹಾಗೆ. ಸೀಮೆಎಣ್ಣೆ ಹೀಟರ್ ಕಥೆಯೂ ಇದೇ: ಲೀಟರಿಗೆ ಸುಮಾರು ಒಂದು ಲೀಟರ್ ನೀರು. ಅದಕ್ಕೆ ಅದನ್ನು ತರಲೇ ಇಲ್ಲ. ಕೂತವರ ಮೈ ಬೆಚ್ಚಗಾಗಲು ಗ್ಯಾಸ್ ಒಳ್ಳೆಯದೇ. ಗೋಡೆ ಒಣಗಲು ಅಲ್ಲ.

ಗೋಡೆಯಲ್ಲಿ ಇರುವ ನೀರೇನು ಕಡಿಮೆಯಾ? 50 ಕೆಜಿ ಸಿಮೆಂಟ್ ಮೂಟೆಗೆ 25 ಲೀಟರ್ ನೀರು ಹಾಕಿದರೆ, ಸಿಮೆಂಟ್ ತನ್ನೊಳಗೆ ಕಟ್ಟಿಕೊಳ್ಳುವುದು 12 ಲೀಟರ್ ಆಸುಪಾಸು. ಉಳಿದದ್ದು ಆರಿಯೇ ಹೋಗಬೇಕು. ನಮ್ಮ ಮನೆಗೆ 600 ಮೂಟೆ ಹಿಡಿದಿದೆ. ಸಿಮೆಂಟ್ ಗಟ್ಟಿಯಾಗಲೆಂದು ಕ್ಯೂರಿಂಗ್‌ಗೆ ಬಿಟ್ಟ ನೀರು ಬೇರೆ.

ಜನರೇಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಾಡಿಗೆಗೆ ಪೆಟ್ರೋಲ್ ಜನರೇಟರ್ ತಂದು, ಮನೆಯಿಂದ ದೂರ, ಗಾಳಿ ಆಚೆ ಬೀಸುವ ಕಡೆ ಇಟ್ಟು ಫ್ಯಾನ್ ಹೀಟರ್ ಹಾಕಿದೆ. ಒಣ ಶಾಖ, ಒಂದು ಹನಿ ನೀರಿಲ್ಲ. ಆದರೆ ಗಂಟೆಗೆ ಒಂದು ಲೀಟರ್ ಪೆಟ್ರೋಲ್ ಕುಡಿಯಿತು. ಸದ್ದಿಗೆ ತೋಟದ ಕೆಲಸದವರ ಲೈನ್ ಮನೆಯ ಮಕ್ಕಳು ನಿದ್ದೆ ಮಾಡಲಿಲ್ಲ. ಎರಡನೇ ರಾತ್ರಿಗೆ ನಿಲ್ಲಿಸಿದೆ. ಇನ್ವರ್ಟರ್ ಬ್ಯಾಟರಿ ಸಾಲದಾ ಎಂದು ಕೇಳುವವರಿಗೆ: 12 ವೋಲ್ಟಿನ 150 ಎಎಚ್ ಬ್ಯಾಟರಿ ಒಂದು ಕಿಲೋವಾಟ್ ಹೀಟರನ್ನು ಒಂದು ಗಂಟೆ ಓಡಿಸಿದರೆ ಹೆಚ್ಚು.

ಕೊನೆಗೆ ಸೌದೆ ಒಲೆ. ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ತಗಡಿನ ಪೆಟ್ಟಿಗೆ ಮಾಡಿಸಿ, ಆರಿಂಚಿನ ಪೈಪ್ ಕೂರಿಸಿದೆವು. ಕಿಟಕಿಯ ಒಂದು ಗಾಜು ತೆಗೆದು ಆ ಜಾಗಕ್ಕೆ ತೂತು ಮಾಡಿದ ಕಬ್ಬಿಣದ ತಗಡು ಹಾಕಿ, ಪೈಪನ್ನು ಆಚೆ ದಾಟಿಸಿ ಸೂರಿಗಿಂತ ಮೇಲೆ ಎತ್ತಿದೆವು. ಪೈಪ್ ಮರದ ಚೌಕಟ್ಟಿನ ಹತ್ತಿರ ಸುಳಿಯಬಾರದು. ಇಲ್ಲಿ ಕಂಜೂಸು ಮಾಡಬೇಡಿ.

ಮೊದಲ ಸಲ ಹೊತ್ತಿಸಿದಾಗ ಹೊಗೆಯೆಲ್ಲ ಒಳಗೇ ಬಂತು. ಪೈಪ್ ತಣ್ಣಗಿತ್ತು, ಎಳೆಯಲಿಲ್ಲ. ತೋಟದ ಹಳೇ ಮೇಸ್ತ್ರಿ ಒಂದು ಪೇಪರ್ ಉಂಡೆ ಹೊತ್ತಿಸಿ ಪೈಪಿನ ಬುಡಕ್ಕೆ ಹಿಡಿದರು. ಅರ್ಧ ನಿಮಿಷಕ್ಕೆ ಗುರ್ರ್ ಎಂದು ಎಳೆಯಲು ಶುರುವಾಯಿತು. ಕಿತ್ತು ಹಾಕಿದ್ದ ಹಳೇ ಕಾಫಿ ಬೊಡ್ಡೆಗಳು ನಿಧಾನವಾಗಿ, ಗಟ್ಟಿಯಾಗಿ ಉರಿದವು. ಸಿಲ್ವರ್ ಓಕ್ ಬೇಗ ಹೊತ್ತಿ ಬೇಗ ಮುಗಿಯಿತು.

ವ್ಯತ್ಯಾಸ ಬೆಳಿಗ್ಗೆ ಕಂಡಿತು. ಒಲೆಯ ಹಿಂದಿನ ಗೋಡೆಯಲ್ಲಿ ಕಪ್ಪು ಬೂದು ಬಣ್ಣದ ನಡುವೆ ತಟ್ಟೆಯಷ್ಟು ಅಗಲಕ್ಕೆ ತಿಳಿ ಬಣ್ಣ ಮೂಡಿತ್ತು. ಪ್ರತಿದಿನ ಅದು ಹರಡುತ್ತಾ ಹೋಯಿತು. ಉರಿಯಿಂದ ಹುಟ್ಟುವ ಹಬೆಯೂ ಹೊಗೆಯೂ ಪೈಪಿನಲ್ಲೇ ಹೋಗುತ್ತವೆ. ಒಲೆ ಕೋಣೆಯ ತೇವದ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಅದಕ್ಕೆ ಇನ್ನೊಂದು ಕಿಟಕಿ ಸ್ವಲ್ಪ ತೆರೆದಿರಲೇಬೇಕು. ಹಗಲು ಮಂಜು ಕರಗಿದ ಮೇಲೆ, ಹನ್ನೊಂದರಿಂದ ನಾಲ್ಕರವರೆಗೆ ಎಲ್ಲಾ ಕಿಟಕಿ ತೆಗೆದಿಡುತ್ತಿದ್ದೆವು. ರಾತ್ರಿಯ ಶಾಖದಷ್ಟೇ ಕೆಲಸ ಅದೂ ಮಾಡಿತು. ಪ್ಲಾಸ್ಟರ್ ಹಸಿಯಾಗಿರುವಾಗ ಮಾತ್ರ ಹೀಗೆ ಕಾಯಿಸಬೇಡಿ, ಬಿರುಕು ಬಿಡುತ್ತದೆ. ನಮ್ಮದಕ್ಕೆ ಆರು ವಾರ ದಾಟಿತ್ತು.

ಮೂರು ವಾರದ ಮೇಲೆ ಒಂದು ಮೊಳ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದು ದಿನ ಬಿಟ್ಟೆ. ಡಿಸೆಂಬರಿನಲ್ಲಿ ಹೀಗೇ ಅಂಟಿಸಿದ್ದಾಗ ಒಳಗೆ ಬೆವರಿನಂತೆ ಹನಿ ಕಟ್ಟಿತ್ತು. ಈ ಸಲ ಹಾಳೆ ಒಣಗಿತ್ತು. ಪುಟ್ಟಿ ಹುಡುಗರಿಗೆ ಆಗಲೇ ಫೋನ್ ಮಾಡಿದೆ.

ಪ್ರವೇಶದ ರಾತ್ರಿಗೂ ಕಂಬ ಬಂದಿರಲಿಲ್ಲ. ದೀಪದ ಬೆಳಕಲ್ಲೇ ಊಟ ಆಯಿತು. ಅಪ್ಪ ಒಲೆಯಿಂದ ಐದಾರು ಅಡಿ ಆಚೆ ಹಾಸಿಗೆ ಹಾಕಿಸಿಕೊಂಡು, ನಡುರಾತ್ರಿ ಕಂಬಳಿ ಸರಿಸಿ ಮಲಗಿದ್ದರು.